ಸ್ವಯಂಸೇವಕರ ಸಮುದಾಯ ತೋಟ: ಜನ ಮರಳಿ ಬರುವಂತೆ ನಡೆಸುವ ಬಗೆ

ಸಮುದಾಯ ತೋಟವೊಂದನ್ನು ಶುರುಮಾಡುವುದಕ್ಕಿಂತ ಅದನ್ನು ಮೂರನೆಯ ವರ್ಷಕ್ಕೆ ದಾಟಿಸುವುದು ಕಷ್ಟದ ಕೆಲಸ. ಮೊದಲ ದಿನ ಗುದ್ದಲಿ ಹಿಡಿಯಲು ಹತ್ತಾರು ಮಂದಿ ಬರುತ್ತಾರೆ, ಉತ್ಸಾಹದಿಂದ ಸಸಿ ನೆಡುತ್ತಾರೆ. ಕೆಲವೇ ತಿಂಗಳಲ್ಲಿ ಕಳೆ ಕೀಳುವ, ನೀರುಣಿಸುವ ಹೊಣೆಯೆಲ್ಲ ಇಬ್ಬರು ಮೂವರ ಮೇಲೆ ಬಿದ್ದಿರುತ್ತದೆ. ಹೀಗೆ ಸೊರಗುವ ತೋಟಗಳಲ್ಲಿ ಮಣ್ಣಿಗೋ ನೀರಿಗೋ ಕೊರತೆ ಇರುವುದು ಅಪರೂಪ. ಬೆಳೆಯ ಬಗ್ಗೆ ಯೋಚಿಸಿದಷ್ಟು ಅಲ್ಲಿಗೆ ಬರುವ ಜನರ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಕೃಷಿಯ ವಿವರಗಳನ್ನು ಅಗತ್ಯವಿರುವಷ್ಟಕ್ಕೆ ಸೀಮಿತಗೊಳಿಸಿ, ಒಮ್ಮೆ ಬಂದವರು ಮತ್ತೆ ಬರುವಂತೆ, ಬಂದವರು ಒಬ್ಬರಿಗೊಬ್ಬರು ಪರಿಚಿತರಾಗುವಂತೆ ತೋಟವನ್ನು ಹೇಗೆ ನಡೆಸಬೇಕು ಎಂಬುದಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ತೋಟದ ಕೆಲಸದಿಂದ ಮನಸ್ಸು ಹಗುರಾಗುತ್ತದೆ ಎಂಬುದಕ್ಕೆ ಅನುಭವದ ಜೊತೆಗೆ ಪ್ರಯೋಗದ ಆಧಾರವೂ ಇದೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 30 ಮಂದಿ ತೋಟಗಾರರಿಗೆ ಮೊದಲು ಒತ್ತಡ ಹುಟ್ಟಿಸುವ ಕೆಲಸವೊಂದನ್ನು ಕೊಟ್ಟರು. ಬಳಿಕ ಕೆಲವರನ್ನು 30 ನಿಮಿಷ ತೋಟದ ಕೆಲಸಕ್ಕೂ ಉಳಿದವರನ್ನು ಒಳಗೆ ಕುಳಿತು ಓದುವುದಕ್ಕೂ ಬಿಟ್ಟಾಗ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಎರಡೂ ಗುಂಪುಗಳಲ್ಲಿ ಇಳಿಯಿತಾದರೂ ತೋಟದಲ್ಲಿದ್ದವರಲ್ಲಿ ಹೆಚ್ಚು ಇಳಿಯಿತು. ಅಮೆರಿಕದ ಡೆನ್ವರ್ ಪ್ರದೇಶದಲ್ಲಿ 291 ವಯಸ್ಕರು ಭಾಗವಹಿಸಿದ್ದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಾದೃಚ್ಛಿಕವಾಗಿ ಆಯ್ಕೆಯಾಗಿ ಸಮುದಾಯ ತೋಟದಲ್ಲಿ ಜಾಗ ಪಡೆದ ಹೊಸಬರು, ತಮ್ಮ ಸರದಿಗಾಗಿ ಕಾಯುತ್ತಿದ್ದವರಿಗಿಂತ ಹೆಚ್ಚು ನಾರಿನಂಶವಿರುವ ಆಹಾರ ತಿಂದರು, ಹೆಚ್ಚು ಮೈ ದಂಡಿಸಿದರು. ಅವರ ಒತ್ತಡವೂ ಆತಂಕವೂ ಕಡಿಮೆಯಾದವು. ಈ ಎರಡನೆಯ ಅಧ್ಯಯನದಲ್ಲಿ ನನಗೆ ಮುಖ್ಯವೆನಿಸುವ ಸಂಗತಿಯೆಂದರೆ, ಆ ಹೊಸಬರಿಗೆ ಜಾಗದ ಜೊತೆಗೆ ಬೀಜ, ಸಸಿ ಮತ್ತು ಆರಂಭದ ತರಬೇತಿಯೂ ಸಿಕ್ಕಿತ್ತು ಎಂಬುದು. ಖಾಲಿ ಮಡಿಯೊಂದನ್ನು ತೋರಿಸಿ ಕೈತೊಳೆದುಕೊಂಡರೆ ಅಂಥದೇ ಫಲವನ್ನು ನಿರೀಕ್ಷಿಸಲಾಗದು.

ಜಾಗ ಹುಡುಕುವ ಮುನ್ನ

ಮೊದಲು ಐದರಿಂದ ಎಂಟು ಮಂದಿಯ ಗುಂಪು ಕಟ್ಟಿಕೊಳ್ಳಿ. ಎಲ್ಲರೂ ಕೃಷಿ ಬಲ್ಲವರಾಗಬೇಕಿಲ್ಲ. ಲೆಕ್ಕ ಬರೆಯಬಲ್ಲವರು, ನೆರೆಹೊರೆಯ ಪರಿಚಯ ಚೆನ್ನಾಗಿರುವವರು, ಮರಗೆಲಸ ಬಲ್ಲವರು, ಹೊಸಬರನ್ನು ಸಂಕೋಚವಿಲ್ಲದೆ ಮಾತನಾಡಿಸಬಲ್ಲವರು ಇದ್ದರೆ ಸಾಕು. ಬಳಿಕ ಸುತ್ತಮುತ್ತ ವಾಸಿಸುವವರನ್ನು ಅವರಿದ್ದಲ್ಲಿಗೇ ಹೋಗಿ ಭೇಟಿಮಾಡಿ, ವಾರದ ಯಾವ ಹೊತ್ತು ಬಿಡುವಿರುತ್ತದೆ, ಮನಸ್ಸಿದ್ದರೂ ಬರಲಾಗದಂತೆ ತಡೆಯುವುದೇನು, ಯಾವ ಕೆಲಸ ಕೈಗೆ ಒಗ್ಗಿದೆ ಎಂದು ಕೇಳಿ. ಇವುಗಳಲ್ಲಿ ಎರಡನೆಯ ಪ್ರಶ್ನೆಗೆ ಸಿಗುವ ಉತ್ತರಗಳೇ ಹೆಚ್ಚು ಉಪಯುಕ್ತ. ಮಂಡಿನೋವು, ಚಿಕ್ಕ ಮಗು, ಪಾಳಿಯ ಕೆಲಸ, ಭಾಷೆ ಬಾರದ ಅಳುಕು, ಯಾರೂ ಪರಿಚಯವಿಲ್ಲವೆಂಬ ಹಿಂಜರಿಕೆ: ಇವೆಲ್ಲ ಮುಂದೆ ಮಡಿಯ ಎತ್ತರವನ್ನೂ ಕೆಲಸದ ವೇಳೆಯನ್ನೂ ನಿರ್ಧರಿಸಬೇಕು. ಒಂಟಿತನ ಯಾರನ್ನು ಹೆಚ್ಚು ಕಾಡುತ್ತಿದೆಯೋ ಅವರು ಗೋಡೆಗೆ ಅಂಟಿಸಿದ ಪ್ರಕಟಣೆ ಓದಿ ತಾವಾಗಿ ಬರುವುದು ಕಡಿಮೆ. ಪರಿಚಿತರೊಬ್ಬರು ಜೊತೆಯಲ್ಲಿ ಕರೆತಂದರೆ ಬರುತ್ತಾರೆ.

ತೋಟವನ್ನು ತುಂಡುಮಾಡಿ ಒಬ್ಬೊಬ್ಬರಿಗೆ ಒಂದೊಂದು ಮಡಿ ಹಂಚಬೇಕೇ, ಎಲ್ಲರೂ ಸೇರಿ ಎಲ್ಲ ಮಡಿಗಳನ್ನೂ ನೋಡಿಕೊಳ್ಳಬೇಕೇ ಎಂಬುದನ್ನು ಈ ಹಂತದಲ್ಲಿಯೇ ತೀರ್ಮಾನಿಸಿ. ಹಂಚಿದ ಮಡಿಗಳಿಂದ ಆಸಕ್ತಿ ಹೆಚ್ಚುತ್ತದೆ ನಿಜ. ಆದರೆ ಪ್ರತಿಯೊಬ್ಬರೂ ತಮಗೆ ಅನುಕೂಲವಾದ ಹೊತ್ತಿಗೆ ಬಂದು, ತಮ್ಮ ಪಾಡಿಗೆ ನೀರು ಹಾಕಿ ಹೊರಟುಹೋಗುತ್ತಾರೆ. ಜನರ ನಡುವಿನ ನಂಟೇ ಗುರಿಯಾಗಿದ್ದರೆ ಜಂಟಿ ಮಡಿಗಳೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ವಂತ ಮಡಿ ಬೇಕೆನ್ನುವವರಿಗಾಗಿ ಒಂದು ಬದಿಯಲ್ಲಿ ಕೆಲವು ಚಿಕ್ಕ ಮಡಿಗಳನ್ನು ಉಳಿಸಿ, ಅವನ್ನು ಪಡೆದವರೂ ವಾರದ ಜಂಟಿ ಕೆಲಸಕ್ಕೆ ಬರಬೇಕೆಂಬ ಷರತ್ತು ಇಡಬಹುದು.

ಜಾಗ, ಒಪ್ಪಂದ, ಮಣ್ಣು

ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೀಳುವ, ನೀರಿನ ಸಂಪರ್ಕವಿರುವ, ದಾರಿಹೋಕರ ಕಣ್ಣಿಗೆ ಬೀಳುವ ಜಾಗ ಬೇಕು. ನಡೆದು ತಲುಪಬಹುದಾದ ದೂರದಲ್ಲಿ ಶೌಚಾಲಯವಿದೆಯೇ ಎಂಬುದನ್ನು ಅನೇಕರು ಕೊನೆಗೆ ನೋಡುತ್ತಾರೆ. ಅದನ್ನು ಮೊದಲೇ ನೋಡಿ, ಏಕೆಂದರೆ ಅದಿಲ್ಲದ ಕಡೆಗೆ ವಯಸ್ಸಾದವರೂ ಗರ್ಭಿಣಿಯರೂ ಎರಡನೆಯ ಸಲ ಬರುವುದಿಲ್ಲ.

ಜಾಗದ ಒಡೆಯರು ಎಷ್ಟೇ ಪರಿಚಿತರಾಗಿದ್ದರೂ ಒಪ್ಪಿಗೆ ಬರಹದಲ್ಲಿರಲಿ. ಎಷ್ಟು ವರ್ಷ, ನೀರಿನ ವೆಚ್ಚ ಯಾರದು, ಬೇಲಿ ಹಾಕಬಹುದೇ, ಯಾರಿಗಾದರೂ ಗಾಯವಾದರೆ ಹೊಣೆ ಯಾರದು, ಜಾಗ ಹಿಂದಕ್ಕೆ ಬೇಕಾದರೆ ಎಷ್ಟು ತಿಂಗಳು ಮುಂಚೆ ತಿಳಿಸಬೇಕು ಎಂಬ ವಿವರಗಳು ಅದರಲ್ಲಿರಬೇಕು. ನ್ಯೂಯಾರ್ಕ್‌ನಲ್ಲಿ ಲಿಜ್ ಕ್ರಿಸ್ಟಿ ಮತ್ತು ಅವರ ಸಂಗಡಿಗರು 1973ರಲ್ಲಿ ಕಸ ತುಂಬಿದ್ದ ಖಾಲಿ ನಿವೇಶನವನ್ನು ತೋಟವಾಗಿಸಿದಾಗ, ಮರುವರ್ಷವೇ ನಗರಾಡಳಿತದಿಂದ ಅದನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಅಧಿಕೃತವಾಗಿ ಪಡೆದರು. ಆ ತೋಟ ಇಂದಿಗೂ ಇದೆ. ಅದೇ ನಗರದಲ್ಲಿ 1999ರಲ್ಲಿ ನೂರಕ್ಕೂ ಹೆಚ್ಚು ಸಮುದಾಯ ತೋಟಗಳ ಜಾಗವನ್ನು ಹರಾಜಿಗಿಟ್ಟಾಗ, ಲಾಭೋದ್ದೇಶವಿಲ್ಲದ ಸಂಸ್ಥೆಗಳು ಮುಂದೆ ಬಂದು ಕೊಂಡುಕೊಂಡಿದ್ದರಿಂದ ಅವು ಉಳಿದವು. ಬಹುಕಾಲ ಬೆವರು ಸುರಿಸಿದ ಮಾತ್ರಕ್ಕೆ ನೆಲದ ಮೇಲೆ ಹಕ್ಕು ಬರುವುದಿಲ್ಲವಾದ್ದರಿಂದ, ಕನಿಷ್ಠ ಮೂರರಿಂದ ಐದು ವರ್ಷದ ಒಪ್ಪಂದ ಸಿಗುವವರೆಗೆ ಮರ ನೆಡುವುದನ್ನೂ ದುಬಾರಿ ಕಟ್ಟೋಣವನ್ನೂ ಮುಂದೂಡಿ.

ಮಣ್ಣನ್ನು ಪ್ರಯೋಗಾಲಯಕ್ಕೆ ಕಳುಹಿಸಿ ರಸಸಾರ (ಆಮ್ಲ-ಕ್ಷಾರದ ಮಟ್ಟ), ಪೋಷಕಾಂಶಗಳ ಜೊತೆಗೆ ಸೀಸದಂಥ ಭಾರಲೋಹಗಳನ್ನೂ ಪರೀಕ್ಷಿಸಿ. ಹಳೆಯ ಬಣ್ಣ ಉದುರಿದ ಕಟ್ಟಡಗಳ ಪಕ್ಕದಲ್ಲಿ, ವಾಹನ ದಟ್ಟಣೆಯ ರಸ್ತೆಯಂಚಿನಲ್ಲಿ ಸೀಸ ಸೇರಿರುವ ಸಾಧ್ಯತೆ ಹೆಚ್ಚು. ಸೊಪ್ಪು ಮತ್ತು ಗಡ್ಡೆಗಳ ಮೂಲಕ ಅದು ದೇಹ ಸೇರುವ ಅಪಾಯ ಕಾಯಿಗಳಿಗಿಂತ ಅಧಿಕ. ಅನುಮಾನವಿದ್ದರೆ ನೆಲದ ಮೇಲೆ ತಡೆಬಟ್ಟೆ ಹಾಸಿ, ಹೊರಗಿನ ಶುದ್ಧ ಮಣ್ಣು ತುಂಬಿದ ಏರುಮಡಿಗಳನ್ನು ಮಾಡಿ. ಏರುಮಡಿಯ ಚೌಕಟ್ಟಿಗೆ ಹಳೆಯ ರೈಲ್ವೆ ಸ್ಲೀಪರ್‌ಗಳನ್ನು ಬಳಸಬೇಡಿ. ಅವುಗಳಿಗೆ ಬಳಿದಿರುವ ಕ್ರಿಯೋಸೋಟ್ ವಿಷಕಾರಿ.

ಮಡಿಯ ಅಳತೆಯಲ್ಲೇ ಮಾತುಕತೆಗೆ ಅವಕಾಶವಿದೆ

ಮಡಿಯ ಅಗಲ 1.2 ಮೀಟರ್ ಮೀರದಿರಲಿ. ಎರಡೂ ಬದಿಯಿಂದ ಕೈಚಾಚಿದರೆ ನಡುಭಾಗ ಎಟಕುತ್ತದೆ, ಮಣ್ಣನ್ನು ತುಳಿಯಬೇಕಾಗುವುದಿಲ್ಲ ಎಂಬುದು ಇದಕ್ಕೆ ಕೃಷಿಯ ಕಾರಣ. ಜನರ ದೃಷ್ಟಿಯಿಂದ ಇನ್ನೊಂದು ಕಾರಣವಿದೆ. ಇಬ್ಬರು ಅಪರಿಚಿತರು ಆ ಮಡಿಯ ಆಚೆ ಈಚೆ ಕುಳಿತು ಕಳೆ ಕೀಳುವಾಗ ಇಬ್ಬರ ದೃಷ್ಟಿಯೂ ಮಣ್ಣಿನ ಮೇಲಿರುತ್ತದೆ, ಕೈಗಳಿಗೆ ಕೆಲಸವಿರುತ್ತದೆ. ಮೊದಲ ಹತ್ತು ನಿಮಿಷ ‘ಇದು ಕಳೆಯೋ ಸಸಿಯೋ’ ಎಂಬಷ್ಟೇ ಮಾತು. ಆಮೇಲೆ ಒಬ್ಬರು ತಮ್ಮ ಬಾಲ್ಯದ ಹಿತ್ತಲನ್ನು ನೆನಪಿಸಿಕೊಳ್ಳುತ್ತಾರೆ, ಇನ್ನೊಬ್ಬರು ರಾತ್ರಿ ನಿದ್ದೆ ಬಾರದ ವಿಷಯ ಹೇಳುತ್ತಾರೆ. ಮುಖಾಮುಖಿ ಕುರ್ಚಿ ಹಾಕಿ ಕೂರಿಸಿದರೆ ಆಡಲಾಗದ ಮಾತುಗಳು ಅಲ್ಲಿ ಸಲೀಸಾಗಿ ಹೊರಬರುತ್ತವೆ, ಮಾತು ನಿಂತರೂ ಮುಜುಗರವಾಗುವುದಿಲ್ಲ. ಹಾಗಾಗಿ ಮಡಿಗಳನ್ನು ಗೋಡೆಗೆ ಒತ್ತಿ ಮಾಡದೆ, ಸಾಧ್ಯವಾದಷ್ಟನ್ನು ಎರಡೂ ಕಡೆಯಿಂದ ಕೂರಲು ಬರುವಂತೆ ಬಿಡಿಬಿಡಿಯಾಗಿ ಹಾಕಿ.

ಕಾಲುದಾರಿಗಳು ಕನಿಷ್ಠ 90 ಸೆಂಟಿಮೀಟರ್ ಅಗಲವಿರಲಿ. ಗಾಲಿಕುರ್ಚಿ ತಿರುಗಬೇಕಾದ ಕಡೆ 1.5 ಮೀಟರ್ ಬೇಕು. ಬಗ್ಗಲಾಗದವರಿಗಾಗಿ ಕೆಲವು ಮಡಿಗಳನ್ನು 60ರಿಂದ 75 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿ, ಅವುಗಳನ್ನು ತೋಟದ ಮೂಲೆಗೆ ತಳ್ಳದೆ ಎಲ್ಲರೂ ಓಡಾಡುವ ನಡುಭಾಗದಲ್ಲಿಡಿ. ನೆರಳಿನಲ್ಲಿ ಒಂದು ಉದ್ದನೆಯ ಬೆಂಚು ಬೇಕೇಬೇಕು. ಅದಕ್ಕೆ ಹಣವಿಲ್ಲವೆನ್ನುವವರು ಉಪಕರಣಗಳಲ್ಲಿ ಒಂದೆರಡನ್ನು ಕಡಿಮೆ ಕೊಳ್ಳಲಿ.

ಮೊದಲ ಹಂಗಾಮಿನಲ್ಲಿ ಇರುವ ಜಾಗದ ಕಾಲುಭಾಗಕ್ಕಿಂತ ಹೆಚ್ಚು ಬಿತ್ತಬೇಡಿ. ಮೂಲಂಗಿ, ಸೊಪ್ಪುಗಳಂತೆ ತಿಂಗಳೊಪ್ಪತ್ತಿನಲ್ಲಿ ಕೈಗೆ ಬರುವ ಬೆಳೆಗಳಿಂದ ಶುರುಮಾಡಿದರೆ ಹೊಸಬರಿಗೆ ಫಲ ಬೇಗ ಕಾಣುತ್ತದೆ, ಜೊತೆಗೆ ಎರಡು ತಿಂಗಳ ಆಸುಪಾಸಿನ ಬೀನ್ಸ್‌ನಂಥವು ಮುಂದಿನ ನಿರೀಕ್ಷೆಯನ್ನು ಜೀವಂತವಾಗಿಡುತ್ತವೆ. ಮಳೆಯಿಲ್ಲದ ವಾರ ತರಕಾರಿ ಮಡಿಗೆ ಸುಮಾರು 25 ಮಿಲಿಮೀಟರ್ ನೀರು ಬೇಕೆಂಬುದು ಸಾಮಾನ್ಯ ಲೆಕ್ಕ. ಎಂದರೆ ಚದರ ಮೀಟರಿಗೆ 25 ಲೀಟರ್. ಬಿಸಿಲು, ಮಣ್ಣು ನೋಡಿ ಹೆಚ್ಚುಕಡಿಮೆ ಮಾಡಿಕೊಳ್ಳಿ. ಒಣಹುಲ್ಲು ಅಥವಾ ತರಗೆಲೆಯ ಹೊದಿಕೆಯನ್ನು 5ರಿಂದ 10 ಸೆಂಟಿಮೀಟರ್ ದಪ್ಪಕ್ಕೆ ಹರಡಿದರೆ ನೀರೂ ಉಳಿಯುತ್ತದೆ, ಕಳೆಯೂ ತಗ್ಗುತ್ತದೆ, ಸ್ವಯಂಸೇವಕರ ಬೆನ್ನಿಗೂ ಬಿಡುವು ಸಿಗುತ್ತದೆ. ಕಾಂಪೋಸ್ಟ್ ರಾಶಿಗೆ ಒಂದು ಪಾಲು ಹಸಿ ತ್ಯಾಜ್ಯಕ್ಕೆ ಎರಡು ಮೂರು ಪಾಲು ಒಣ ಎಲೆ ಸೇರಿಸಿ; ರಾಶಿಯ ಒಳಗೆ 55 ಡಿಗ್ರಿ ಸೆಲ್ಸಿಯಸ್ ಶಾಖ ಕೆಲವು ದಿನ ನಿಂತರೆ ಬಹುತೇಕ ಕಳೆಬೀಜಗಳೂ ರೋಗಾಣುಗಳೂ ಸಾಯುತ್ತವೆ.

ವಾರದ ಕೆಲಸದ ದಿನ

ಇಡೀ ವ್ಯವಸ್ಥೆಯ ಜೀವಾಳ ಇಲ್ಲಿದೆ. ವಾರದಲ್ಲಿ ಒಂದು ನಿಗದಿತ ದಿನ, ನಿಗದಿತ ಹೊತ್ತು, ಎರಡು ಗಂಟೆಯ ಅವಧಿ. ದಿನವನ್ನೂ ಹೊತ್ತನ್ನೂ ಯಾವ ಕಾರಣಕ್ಕೂ ಬದಲಿಸಬೇಡಿ. ಪ್ರತಿ ವಾರ ಗುಂಪಿನಲ್ಲಿ ಸಂದೇಶ ಹಾಕಿ ಎಲ್ಲರ ಬಿಡುವು ನೋಡಿ ದಿನ ಗೊತ್ತುಮಾಡುವ ಕ್ರಮ ಮೇಲ್ನೋಟಕ್ಕೆ ಉದಾರವಾಗಿ ಕಂಡರೂ, ಫೋನು ನೋಡದವರನ್ನೂ ಮನಸ್ಸು ಕುಗ್ಗಿದ್ದಾಗ ಉತ್ತರ ಬರೆಯಲಾಗದವರನ್ನೂ ಅದು ಹೊರಗಿಡುತ್ತದೆ. ದಿನ ಮತ್ತು ಹೊತ್ತು ಗೊತ್ತಿದ್ದರೆ ಎರಡು ತಿಂಗಳು ಬಾರದವರು ಕೂಡ ಯಾರನ್ನೂ ಕೇಳದೆ ಗೇಟು ತೆರೆದು ಒಳಬರಬಹುದು. ಮಳೆ ಜೋರಾಗಿದ್ದರೂ ಒಬ್ಬರಾದರೂ ಅಲ್ಲಿರಬೇಕು. ಆ ದಿನ ಸೂರಿನಡಿ ಕುಳಿತು ಬೀಜ ವಿಂಗಡಿಸಬಹುದು, ಹೆಸರಿನ ಫಲಕ ಬರೆಯಬಹುದು, ಕುಡುಗೋಲು ಮಸೆಯಬಹುದು.

ಗೇಟಿನ ಬಳಿ ಒಂದು ಕಪ್ಪುಹಲಗೆ ಇಡಿ. ಕೆಲಸ ಶುರುವಾಗುವ ಹದಿನೈದು ನಿಮಿಷ ಮುಂಚೆ ಆ ದಿನದ ಕೆಲಸಗಳನ್ನು ಅದರ ಮೇಲೆ ಬರೆಯಿರಿ, ಪ್ರತಿಯೊಂದರ ಮುಂದೆ ಎಷ್ಟು ಜನ ಬೇಕು, ಕುಳಿತು ಮಾಡಬಹುದೇ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಸೂಚಿಸಿ. ‘ಎರಡನೆಯ ಮಡಿ: ಕಳೆ ಕೀಳುವುದು, ಇಬ್ಬರು, ಕುಳಿತು, ಅರ್ಧ ಗಂಟೆ’ ಎಂಬಂಥ ಸಾಲು ಓದಿದವರಿಗೆ ತಮ್ಮ ಮಿತಿಯನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕಾದ ಪ್ರಮೇಯ ಬರುವುದಿಲ್ಲ, ತಮಗೆ ಆಗುವುದನ್ನು ಆರಿಸಿಕೊಳ್ಳುತ್ತಾರೆ. ಒಬ್ಬರೇ ಮಾಡುವ ಕೆಲಸಗಳನ್ನು ಕಡಿಮೆ ಇಡಿ, ಆದರೆ ಒಂದೆರಡಾದರೂ ಇರಲಿ. ಜನರ ಮಧ್ಯೆ ಇರಬೇಕು ಆದರೆ ಮಾತು ಬೇಡ ಎನಿಸುವ ದಿನಗಳು ಎಲ್ಲರಿಗೂ ಇರುತ್ತವೆ.

ಹೊಸಬರ ಮೊದಲ ಗಂಟೆಯನ್ನು ಅದೃಷ್ಟಕ್ಕೆ ಬಿಡಬೇಡಿ. ಸ್ವಾಗತದ ಹೊಣೆ ಹೊತ್ತವರು ಆ ದಿನ ಬೇರೆ ಕೆಲಸ ಇಟ್ಟುಕೊಳ್ಳದೆ ಗೇಟಿನ ಬಳಿಯೇ ಇರಬೇಕು. ಹೆಸರು ಕೇಳಿ ತಮ್ಮ ಹೆಸರು ಹೇಳುವುದು, ಶೌಚಾಲಯ, ಕುಡಿಯುವ ನೀರು, ಬೆಂಚು ಎಲ್ಲಿವೆ ಎಂದು ತೋರಿಸುವುದು, ಆಯಾಸವಾದರೆ ಯಾವಾಗ ಬೇಕಾದರೂ ಕೂರಬಹುದು, ಹೊರಡಬಹುದು ಎಂದು ತಿಳಿಸುವುದು ಮೊದಲ ಐದು ನಿಮಿಷದ ಕೆಲಸ. ಬಳಿಕ ಹಳಬರೊಬ್ಬರ ಜೊತೆ ಸೇರಿಸಿ, ಹೊರಡುವಷ್ಟರಲ್ಲಿ ಮುಗಿಯುವ ಚಿಕ್ಕ ಕೆಲಸವೊಂದನ್ನು ಕೊಡಿ. ಒಂದು ಸಾಲು ಸಸಿ ನೆಟ್ಟು ನೀರು ಹಾಕಿದವರು ಮುಂದಿನ ವಾರ ಆ ಸಸಿಗಳು ಹಿಡಿದವೇ ಎಂದು ನೋಡಲಿಕ್ಕಾದರೂ ಬರುತ್ತಾರೆ. ಗೊಬ್ಬರದ ರಾಶಿ ಹೊರಲು ಹಚ್ಚಿದರೆ ಮೈನೋವು ಹೊತ್ತು ಮನೆಗೆ ಹೋಗುತ್ತಾರೆ. ‘ಇಲ್ಲಿಗೆ ಏಕೆ ಬಂದಿರಿ’ ಎಂದು ಕೇಳಬೇಡಿ. ವೈದ್ಯರ ಸಲಹೆಯ ಮೇಲೆ ಬಂದವರಿರಬಹುದು, ಸಾವಿನ ದುಃಖ ಹೊತ್ತು ಬಂದವರಿರಬಹುದು. ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ.

ವಿರಾಮವನ್ನು ಕೊನೆಗೆ ಇಡದೆ ನಡುವೆ ಇಡಿ. ಕೊನೆಯಲ್ಲಿಟ್ಟರೆ ಮನೆಗೆ ಮರಳುವ ಅವಸರವಿರುವವರಿಗೆ ಅದು ಸಿಗುವುದೇ ಇಲ್ಲ. ಒಂದು ಗಂಟೆ ಕಳೆಯುತ್ತಲೇ ಗಂಟೆ ಬಾರಿಸಿ, ಎಲ್ಲರೂ ಉಪಕರಣ ಕೆಳಗಿಟ್ಟು ಬೆಂಚಿನ ಬಳಿ ಸೇರಿ ಇಪ್ಪತ್ತು ನಿಮಿಷ ಚಹಾವನ್ನೋ ನೀರನ್ನೋ ಕುಡಿಯುತ್ತಾ ಕೂರಲಿ. ಸಂಚಾಲಕರು ಈ ಹೊತ್ತನ್ನು ಪ್ರಕಟಣೆಗಳಿಗೆ ಬಳಸಿಕೊಳ್ಳಬಾರದು. ಯಾರಾದರೂ ಬೆಂಚಿನ ತುದಿಯಲ್ಲಿ ಒಬ್ಬರೇ ಉಳಿದಿದ್ದಾರೆಯೇ ಎಂದು ನೋಡಿ ಹೋಗಿ ಪಕ್ಕದಲ್ಲಿ ಕೂರುವುದು ಆ ಇಪ್ಪತ್ತು ನಿಮಿಷದಲ್ಲಿ ಅವರ ಮುಖ್ಯ ಕೆಲಸ. ಕೊನೆಯ ಹತ್ತು ನಿಮಿಷ ಉಪಕರಣ ತೊಳೆದು, ಏನು ಮಾಡಿದೆವು, ಮುಂದಿನ ವಾರ ಏನಿದೆ ಎಂದು ದಿನಚರಿ ಪುಸ್ತಕದಲ್ಲಿ ಬರೆದಿಡಿ.

ನಿಯಮಿತವಾಗಿ ಬರುತ್ತಿದ್ದವರು ಎರಡು ವಾರ ಕಾಣದಿದ್ದರೆ ಒಬ್ಬರು ಕರೆಮಾಡಲಿ. ‘ಏಕೆ ಬರಲಿಲ್ಲ’ ಎಂದು ಕೇಳದೆ, ‘ನೀವು ಹಚ್ಚಿದ ಬಳ್ಳಿ ಹೂ ಬಿಟ್ಟಿದೆ, ಹೇಗಿದ್ದೀರಿ’ ಎಂದರೆ ಸಾಕು. ಹಾಜರಿ ಪುಸ್ತಕ ಇಡುವುದು ಈ ಒಂದು ಕರೆಗಾಗಿಯೇ.

ಹೊಣೆಯ ಹಂಚಿಕೆ

ನೀರು, ಸಸಿಮಡಿ, ಕಾಂಪೋಸ್ಟ್, ಉಪಕರಣ, ಹಣ, ಸ್ವಾಗತ: ಪ್ರತಿಯೊಂದಕ್ಕೂ ಇಬ್ಬರಿರಲಿ. ಒಬ್ಬರಿಗೆ ಜ್ವರ ಬಂದರೂ ಕೆಲಸ ನಿಲ್ಲದಿರುವುದು ಒಂದು ಲಾಭ, ಇಬ್ಬರೂ ಪರಸ್ಪರ ಹತ್ತಿರವಾಗುವುದು ಇನ್ನೊಂದು. ಪ್ರತಿ ಹೊಣೆಗೂ ಆರು ತಿಂಗಳಿಂದ ಒಂದು ವರ್ಷದ ಅವಧಿ ನಿಗದಿಪಡಿಸಿ. ಅವಧಿಯಿಲ್ಲದ ಹೊಣೆಯನ್ನು ಒಪ್ಪಿಕೊಳ್ಳಲು ಜನ ಹೆದರುತ್ತಾರೆ, ಒಪ್ಪಿಕೊಂಡವರು ಬಿಡಲಾಗದೆ ಒಳಗೊಳಗೇ ಬೇಸರಪಡುತ್ತಾರೆ.

ಸಂಚಾಲಕರ ಬಳಲಿಕೆ ಸ್ವಯಂಸೇವಾ ತೋಟಗಳಿಗೆ ಬರುವ ಅತಿ ದೊಡ್ಡ ಪೀಡೆ. ಬೀಗದ ಕೈ, ಬ್ಯಾಂಕ್ ಖಾತೆ, ಸಂದೇಶಗಳ ಗುಂಪು, ಮಾಲೀಕರೊಡನೆ ಮಾತುಕತೆ ಎಲ್ಲವೂ ಒಬ್ಬರ ಕೈಯಲ್ಲಿದ್ದರೆ ಅವರ ಮನೆಯಲ್ಲಿ ಒಂದು ಕಷ್ಟ ಬಂದ ದಿನ ತೋಟಕ್ಕೂ ಕಷ್ಟ ಬರುತ್ತದೆ. ತಿಂಗಳಿಗೊಂದು ವಾರ ಸಂಚಾಲಕರು ಕಡ್ಡಾಯವಾಗಿ ರಜೆ ತೆಗೆದುಕೊಳ್ಳಲಿ, ಅಂದು ಬೇರೊಬ್ಬರು ಕಪ್ಪುಹಲಗೆ ಬರೆಯಲಿ. ಆ ದಿನ ಎಲ್ಲಿ ತೊಡಕಾಯಿತೋ ಅಲ್ಲಿಯೇ ಹೊಣೆ ಒಬ್ಬರ ಮೇಲೆ ಕೂತಿದೆ ಎಂದು ತಿಳಿಯುತ್ತದೆ.

ನಿಯಮಗಳು ಒಂದು ಪುಟ ಮೀರದಿರಲಿ, ಅವನ್ನು ಎಲ್ಲರೂ ಸೇರಿ ಬರೆಯಲಿ. ರಾಸಾಯನಿಕ ಸಿಂಪಡಿಸಬಹುದೇ, ನಾಯಿ ತರಬಹುದೇ, ಧೂಮಪಾನ ಎಲ್ಲಿ, ಫಸಲು ಯಾರಿಗೆ ಎಂಬವೇ ಸಾಮಾನ್ಯವಾಗಿ ಜಗಳಕ್ಕೆ ಎಡೆಮಾಡುವ ವಿಷಯಗಳು. ಜಗಳ ಬಂದಾಗ ಇಬ್ಬರನ್ನೂ ಎಲ್ಲರೆದುರು ವಿಚಾರಿಸದೆ, ಎರಡೂ ಕಡೆಯವರಿಗೆ ಒಪ್ಪಿಗೆಯಾದ ಮೂರನೆಯವರು ಬೇರೆ ಬೇರೆಯಾಗಿ ಕೇಳಿಸಿಕೊಳ್ಳಲಿ. ಒಬ್ಬರು ಪದೇ ಪದೇ ಇತರರನ್ನು ಅವಮಾನಿಸುತ್ತಿದ್ದರೆ, ಅವರು ಎಷ್ಟೇ ಒಳ್ಳೆಯ ಕೆಲಸಗಾರರಾಗಿದ್ದರೂ, ಸ್ಪಷ್ಟವಾಗಿ ಎಚ್ಚರಿಸಿ, ತಿದ್ದಿಕೊಳ್ಳದಿದ್ದರೆ ದೂರವಿಡಬೇಕು. ಇಲ್ಲವಾದರೆ ಮೆಲುದನಿಯವರು ಏನೂ ಹೇಳದೆ ಬರುವುದನ್ನೇ ನಿಲ್ಲಿಸುತ್ತಾರೆ.

ದೇಹದ ಮತ್ತು ಮನಸ್ಸಿನ ಸುರಕ್ಷತೆ

ಧನುರ್ವಾಯು ಲಸಿಕೆ ಎಲ್ಲರಿಗೂ ಆಗಿದೆಯೇ ಎಂದು ನೆನಪಿಸಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕೈಗವಸು, ಕುಡಿಯುವ ನೀರು ಕೈಗೆಟಕುವಂತಿರಲಿ. ಚೀಲದ ಗೊಬ್ಬರ ಮತ್ತು ಕುಂಡದ ಮಣ್ಣಿನಲ್ಲಿ ಲೀಜಿಯೊನೆಲ್ಲಾ ಜಾತಿಯ ಬ್ಯಾಕ್ಟೀರಿಯಾ ಇರಬಹುದು, ಧೂಳಿನ ಮೂಲಕ ಅದು ಶ್ವಾಸಕೋಶ ಸೇರಿದರೆ ನ್ಯುಮೋನಿಯಾ ಬರಬಹುದು. ಆದ್ದರಿಂದ ಚೀಲವನ್ನು ಮುಖದಿಂದ ದೂರ ಹಿಡಿದು ಬಿಚ್ಚಿ, ಮಣ್ಣನ್ನು ಒದ್ದೆಮಾಡಿ, ಮಾಸ್ಕ್ ಧರಿಸಿ ಬಳಸಿ, ನಂತರ ಕೈ ತೊಳೆಯಿರಿ. ಹಸಿ ಸಗಣಿಗೊಬ್ಬರ ಹಾಕಿದ ಮಡಿಯಲ್ಲಿ ಮಣ್ಣಿಗೆ ತಾಗುವ ಬೆಳೆಯನ್ನು 120 ದಿನಗಳೊಳಗೆ ಕೊಯ್ಯಬಾರದೆಂಬ ಅಮೆರಿಕದ ಸಾವಯವ ನಿಯಮ ಎಲ್ಲರೂ ಪಾಲಿಸಲು ಯೋಗ್ಯವಾದುದು. ಮಕ್ಕಳಿರುವ ದಿನ ಕನಿಷ್ಠ ಇಬ್ಬರು ವಯಸ್ಕರು ಅವರ ಜೊತೆಗಿರಬೇಕು.

ತೋಟ ಆಸ್ಪತ್ರೆಯಲ್ಲ, ಸ್ವಯಂಸೇವಕರು ಚಿಕಿತ್ಸಕರಲ್ಲ ಎಂಬುದನ್ನು ಸ್ಪಷ್ಟವಾಗಿ ಒಪ್ಪಿಕೊಂಡಿರಬೇಕು. ಯಾರಾದರೂ ಬದುಕು ಸಾಕೆನಿಸಿದೆ ಎಂದರೆ ಮಾತು ಬದಲಿಸದೆ, ಬುದ್ಧಿ ಹೇಳದೆ ಕೇಳಿಸಿಕೊಳ್ಳಿ. ಅವರನ್ನು ಒಬ್ಬರೇ ಇರಲು ಬಿಡದೆ ಮನೆಯವರ, ವೈದ್ಯರ ಅಥವಾ ಸಹಾಯವಾಣಿಯ ನೆರವು ಪಡೆಯಿರಿ. ಆ ಸಂಖ್ಯೆಗಳು ಉಪಕರಣದ ಕೋಣೆಯ ಬಾಗಿಲ ಮೇಲೆ ಮೊದಲೇ ಬರೆದಿರಲಿ. ಜೀವಕ್ಕೆ ಅಪಾಯವಿಲ್ಲದ ಉಳಿದೆಲ್ಲ ಮಾತುಗಳು ಮಡಿಯ ಬಳಿಯೇ ಉಳಿಯಬೇಕು.

ಫಸಲು, ಹಣ, ಲೆಕ್ಕ

ಕೊಯ್ದದ್ದನ್ನು ಅಂದು ಬಂದವರಿಗೆ ಸಮನಾಗಿ ಹಂಚಿ, ಒಂದು ಪಾಲನ್ನು ಬರಲಾಗದೆ ಮನೆಯಲ್ಲಿರುವ ಸದಸ್ಯರಿಗೆ ತಲುಪಿಸುವುದು ನಾನು ಮೆಚ್ಚುವ ಕ್ರಮ. ದುಡಿದ ಗಂಟೆಗೆ ತಕ್ಕಂತೆ ತೂಗಿ ಕೊಡುವ ಪದ್ಧತಿಯಲ್ಲಿ ಬಲವಿದ್ದವರಿಗೆ ಹೆಚ್ಚು ಸಿಗುತ್ತದೆ, ತೋಟದ ಅಗತ್ಯ ಹೆಚ್ಚಿರುವವರಿಗೆ ಕಡಿಮೆ. ಹಣ ಎಷ್ಟೇ ಅಲ್ಪವಾಗಿರಲಿ, ಇಬ್ಬರ ಸಹಿಯಿಲ್ಲದೆ ಖರ್ಚಾಗಬಾರದು, ಜಮಾ-ಖರ್ಚಿನ ಪಟ್ಟಿ ತಿಂಗಳಿಗೊಮ್ಮೆ ಕಪ್ಪುಹಲಗೆಯ ಪಕ್ಕದಲ್ಲಿ ತೂಗುಹಾಕಬೇಕು.

ತೋಟದಿಂದ ಜನರಿಗೆ ಒಳಿತಾಗುತ್ತಿದೆಯೇ ಎಂದು ತಿಳಿಯಲು, ಧನಸಹಾಯ ನೀಡುವವರು ಕೇಳಿದರೆ, ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಯೋಗಕ್ಷೇಮ ಸೂಚ್ಯಂಕವನ್ನು ಬಳಸಬಹುದು. ಕಳೆದ ಎರಡು ವಾರಗಳ ಬಗೆಗಿನ ಐದು ಹೇಳಿಕೆಗಳಿಗೆ 0ರಿಂದ 5ರವರೆಗೆ ಅಂಕ ಕೊಟ್ಟು, ಮೊತ್ತವನ್ನು 4ರಿಂದ ಗುಣಿಸಿದರೆ ನೂರಕ್ಕೆ ಲೆಕ್ಕ ಸಿಗುತ್ತದೆ. ಹೆಸರಿಲ್ಲದ ಹಾಳೆಯಲ್ಲಿ, ಇಷ್ಟವಿದ್ದವರಿಂದ ಮಾತ್ರ, ವರ್ಷಕ್ಕೆ ಎರಡು ಸಲ ಬರೆಸಿಕೊಂಡರೆ ಸಾಕು. ಯಾರೂ ಕೇಳದಿದ್ದರೆ ಹಾಜರಿ ಪುಸ್ತಕವೇ ಸಾಕಾಗುತ್ತದೆ: ಮೊದಲ ಸಲ ಬಂದವರಲ್ಲಿ ಎಷ್ಟು ಮಂದಿ ಮೂರನೆಯ ಸಲ ಬಂದರು ಎಂದು ಎಣಿಸಿ. ಆ ಸಂಖ್ಯೆ ಇಳಿದರೆ ಬೆಳೆಯನ್ನು ಬಿಟ್ಟು ಸ್ವಾಗತದ ಕ್ರಮವನ್ನು ಪರಿಶೀಲಿಸಿ.

ಬಿತ್ತನೆಯಿಲ್ಲದ ತಿಂಗಳುಗಳಲ್ಲೂ ವಾರದ ಭೇಟಿಯನ್ನು ನಿಲ್ಲಿಸಬೇಡಿ, ಎರಡು ಗಂಟೆಯನ್ನು ಒಂದಕ್ಕೆ ಇಳಿಸಿದರೂ ಸರಿ. ಉಪಕರಣ ದುರಸ್ತಿ, ಬೇಲಿ, ಮುಂದಿನ ಹಂಗಾಮಿನ ನಕ್ಷೆ ಮುಂತಾದವಕ್ಕೆ ಆ ಕಾಲ ಒದಗುತ್ತದೆ. ವರ್ಷಕ್ಕೊಮ್ಮೆ ಹೊಣೆ ಬದಲಾಗುವಾಗ ಹಸ್ತಾಂತರವೂ ಅದೇ ಬಿಡುವಿನಲ್ಲಿ ನಡೆಯಲಿ. ಒಪ್ಪಂದದ ಪ್ರತಿ, ಮಣ್ಣು ಪರೀಕ್ಷೆಯ ವರದಿ, ಯಾವ ಮಡಿಯಲ್ಲಿ ಯಾವ ಬೆಳೆಯಿತ್ತು ಎಂಬ ನಕ್ಷೆ, ನೀರಿನ ಕವಾಟಗಳ ಜಾಗ, ಬೀಗದ ಕೈಗಳ ಪಟ್ಟಿ, ಲೆಕ್ಕದ ಪುಸ್ತಕ ಇವೆಲ್ಲ ಒಂದೇ ಕಡತದಲ್ಲಿರಲಿ. ಹಳೆಯ ಸಂಚಾಲಕರು ಹೊಸಬರೊಡನೆ ಒಂದು ತಿಂಗಳು ಜೊತೆಯಾಗಿ ಕೆಲಸ ಮಾಡಿ, ಅದಾದ ಮೇಲೆ ಕೆಲವು ವಾರ ಸಾಮಾನ್ಯ ಸ್ವಯಂಸೇವಕರಂತೆ ಬಂದು, ಕಪ್ಪುಹಲಗೆಯಲ್ಲಿ ಬರೆದಿರುವ ಕೆಲಸವನ್ನಷ್ಟೇ ಮಾಡಲಿ.